ಗೊತ್ತಾದ ದಿನಾಂಕ

ಕಾಯಿಲೆಯು ಬಂದ ದಿನ ಶುರುವಾಗುವುದಿಲ್ಲ, ಗೊತ್ತಾದ ದಿನ ಶುರುವಾಗುತ್ತದೆ. ಇದು ಕಾರ್ಮಿಕ ಪರಿಹಾರ ಮಂಡಳಿಯ ನಿಯಮ. ಗೊತ್ತಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಿದವನು ರೋಗಿ. ಆಮೇಲೆ ಹಾಕಿದವನು ಬರೀ ಕೆಮ್ಮುವವನು.

ಬಾಯ್ಲರ್ ಮನೆಯ ಕೊಳವೆಗಳಿಗೆ ಆಯುಷ್ಯವಿಡೀ ಕಲ್ನಾರು ಸುತ್ತಿದ ಮೇಸ್ತ್ರಿಗೆ, ಎದೆಯೊಳಗೂ ಅದೇ ನಾರು ಕೂತಿದೆಯೆಂದು ಡಾಕ್ಟರು ಹೇಳಿ ಇನ್ನೂ ತಿಂಗಳಾಗಿರಲಿಲ್ಲ. ಹಾಗಾಗಿ ಅವನ ಹೆಂಡತಿ ಧೈರ್ಯವಾಗಿಯೇ ಅವನನ್ನು ಮಂಡಳಿಗೆ ಕರೆತಂದಳು. ಪರಿಹಾರ ಸಿಕ್ಕರೆ ಮನೆಗೊಂದು ಆಮ್ಲಜನಕದ ಯಂತ್ರ ತರಬೇಕು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಮನುಷ್ಯ ಒಮ್ಮೆಯಾದರೂ ಕಾಲು ಚಾಚಿ ಮಲಗಬೇಕು, ಅಷ್ಟೇ ಅವಳ ಆಸೆ. ಶ್ವಾಸಕೋಶ ವಿಭಾಗ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟು ಸಿಬ್ಬಂದಿಗೆ ಮೀಸಲು.

ಕಾಲಮಿತಿ ಅಧಿಕಾರಿ ಬಹಳ ಒಳ್ಳೆಯವರು. ಕುರ್ಚಿ ಹಾಕಿಸಿ, ನೀರು ತರಿಸಿ, ಹೆಂಡತಿಯ ಕಡೆ ತಿರುಗಿ ಕನಿಕರದಿಂದ ಕೇಳಿದರು: "ಪಾಪ, ಎಷ್ಟು ದಿನದಿಂದ ಒದ್ದಾಡ್ತಿದೀರೋ ಏನೋ ಅಮ್ಮಾ?"

ಇದನ್ನು ಯಾರಾದರೂ ಕೇಳಲಿ ಎಂದು ಅವಳು ಎಷ್ಟೋ ವರ್ಷದಿಂದ ಕಾದಿದ್ದಳು.

"ಅಯ್ಯೋ, ಏನಂತ ಹೇಳ್ಲಿ ಸಾರ್! ದೊಡ್ಡ ಮಗಳ ಮದುವೆ ಟೈಮಲ್ಲೇ ಬಡ್ಕೊಂಡೆ, ರೀ, ಈ ಕೆಮ್ಮು ಒಳ್ಳೇದಲ್ಲ, ಆ ಧೂಳಿಂದಾನೇ ಬರ್ತಿರೋದು, ಹೋಗಿ ತೋರಿಸ್ಕೊಳ್ಳಿ ಅಂತ. ಈಗ ಅವಳ ಮಗನಿಗೇ ಮೀಸೆ ಬಂದಿದೆ!"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಕಾಯಿಲೆ ಗೊತ್ತಾದ ದಿನಾಂಕ, ಮಗಳ ಮದುವೆ. ಕಾಲಮಿತಿ ಮೀರಿದೆ ಅಮ್ಮಾ. ಡಾಕ್ಟರಿಗಿಂತ ಮೊದ್ಲು ನೀವೇ ಪತ್ತೆ ಹಚ್ಚಿದೀರಿ. ಅಭಿನಂದನೆಗಳು."

ಅವಳು ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷದ ಕಾಳಜಿಯೇ ಗಂಡನ ಕುತ್ತಿಗೆಗೆ ಬಂದಿತ್ತು.

ಆದರೆ ಮಂಡಳಿಗೂ ಹೃದಯವಿತ್ತು; ಅದು ಉಪನಿಯಮದ ರೂಪದಲ್ಲಿತ್ತು. ಹೆಂಡತಿ ಹೇಳಿದ್ದು ಗಂಡನ ಗಮನಕ್ಕೆ ಬಂದಿಲ್ಲವೆಂದು ರುಜುವಾತಾದಲ್ಲಿ, ಸದರಿ ಮಾತನ್ನು ಆಡಿಯೇ ಇಲ್ಲವೆಂದು ಪರಿಗಣಿಸತಕ್ಕದ್ದು. ಅಂದರೆ, ಮೇಸ್ತ್ರಿ ಜನ್ಮದಲ್ಲಿ ಹೆಂಡತಿಯ ಮಾತು ಕೇಳಿದವನಲ್ಲವೆಂದು ಸಾಬೀತಾಗಬೇಕು. ಅವಳಿಗೆ ಹೋದ ಜೀವ ಬಂದಂತಾಯಿತು. ಇದಕ್ಕೆ ಸಾಕ್ಷಿಗೇನು ಬರ?

ವಿಚಾರಣೆಯ ದಿನ ಮೇಲಿನ ಮನೆಯ ಅಕ್ಕ ಹೊಸ ಸೀರೆ ಉಟ್ಟು ಬಂದಳು. "ಇವಳು ಹೇಳೋದು ಇಡೀ ಬೀದಿಗೆ ಕೇಳುತ್ತೆ ಸ್ವಾಮಿ, ಪಕ್ಕದಲ್ಲಿ ಕೂತಿರೋ ಇವರಿಗೊಬ್ಬರಿಗೇ ಕೇಳಲ್ಲ" ಎಂದು ಪ್ರಮಾಣ ಮಾಡಿ ಹೇಳಿದಳು.

ಮೇಸ್ತ್ರಿಯ ಸರದಿ ಬಂತು. "ಕೆಮ್ಮಿನ ವಿಷಯದಲ್ಲಿ ನಿಮ್ಮ ಹೆಂಡತಿ ಏನು ಹೇಳ್ತಿದ್ರು?" ಎಂದರು ಅಧಿಕಾರಿ.

ಮೇಸ್ತ್ರಿ ಕಷ್ಟಪಟ್ಟು ಉಸಿರೆಳೆದುಕೊಂಡು, ಪ್ರಾಮಾಣಿಕವಾಗಿ ಯೋಚಿಸಿದ. "ಏನೋ ಹೇಳ್ತಾನೇ ಇರ್ತಾಳೆ ಸಾರ್. ಯಾರಿಗೆ ನೆನಪಿರುತ್ತೆ?"

ಮದುವೆಯಾದಾಗಿನಿಂದ ಗಂಡನ ಮೇಲೆ ಅವಳಿಗೆ ಇಷ್ಟು ಪ್ರೀತಿ ಉಕ್ಕಿದ್ದಿಲ್ಲ.

ಆದೇಶ ಅಂದೇ ಹೊರಬಿತ್ತು. "ಸದರಿ ಅರ್ಜಿದಾರರು ಪತ್ನಿಯ ಮಾತನ್ನು ಎಂದೂ ಕೇಳಿಲ್ಲವೆಂಬುದು ನಿಸ್ಸಂಶಯವಾಗಿ ರುಜುವಾತಾಗಿರುವುದರಿಂದ, ಅರ್ಜಿಯು ಕಾಲಮಿತಿಯೊಳಗಿದೆ. ಸಕಾಲದಲ್ಲಿ ಎಚ್ಚರಿಸಿದರೂ ಕೇಳದೆ ಕಾಯಿಲೆ ಬೆಳೆಸಿಕೊಂಡದ್ದಕ್ಕೆ ಅವರೇ ಹೊಣೆಯಾಗಿರುವುದರಿಂದ, ಅರ್ಜಿಯನ್ನು ವಜಾ ಮಾಡಲಾಗಿದೆ."

ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಮೇಸ್ತ್ರಿಯೂ ಪಕ್ಕದಲ್ಲಿ ಕೂತ. ಇಳಿಯುವುದಕ್ಕೂ ಉಸಿರು ಬೇಕಲ್ಲ.

ಮುಂದಿನ ವಾರ ಕಾರ್ಮಿಕರ ವಸತಿಯ ಗೋಡೆಗಳ ಮೇಲೆ ಪ್ರಕಟಣೆ ಬಂತು: "ಕಾರ್ಮಿಕರ ಹಿತದೃಷ್ಟಿಯಿಂದ, ಅರ್ಜಿ ಸಿದ್ಧವಾಗುವ ತನಕ ಮನೆಮಂದಿ ಒಬ್ಬರ ಕೆಮ್ಮು, ಉಬ್ಬಸಗಳನ್ನು ಇನ್ನೊಬ್ಬರು ಗಮನಿಸತಕ್ಕದ್ದಲ್ಲ." ಮೊದಲೇ ತಿಳಿಸಿದ್ದು ಎಷ್ಟೋ ಉಪಕಾರವಾಯಿತೆಂದು ಎಲ್ಲರೂ ಮಂಡಳಿಯನ್ನು ಹೊಗಳಿದರು. ಯಾರಾದರೂ ಕೆಮ್ಮಿದರೆ ಪಕ್ಕದವರು ಮರ್ಯಾದೆಯಿಂದ ಸೆಕೆಯ ಮಾತೆತ್ತಿದರು.

ಒಂದು ಸಂಜೆ ಗಂಡನ ಬೆನ್ನಿಗೆ ದಿಂಬು ಇಡುವಾಗ ಅವಳಿಗೇ ಕೆಮ್ಮು ಬಂತು. ಬಾಯ್ಲರ್ ಮನೆಯ ಧೂಳು ಮೆತ್ತಿದ ಅವನ ಅಂಗಿಗಳನ್ನು ಇಷ್ಟು ವರ್ಷ ಕೊಡವಿ ಕೊಡವಿ ಒಗೆದವಳು ಅವಳೇ. ಕೆಮ್ಮು ಬೇಗ ನಿಲ್ಲಲಿಲ್ಲ. ಮೇಸ್ತ್ರಿ ಗಾಬರಿಯಿಂದ ತಿರುಗಿದ.

"ಏನೇ, ನಿಂಗೂ..."

ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಕೇಳ್ಬೇಡಿ. ನಂಗಿನ್ನೂ ಗೊತ್ತಾಗಿಲ್ಲ."

ಮೇಸ್ತ್ರಿ ಜೀವಮಾನದಲ್ಲಿ ಮೊದಲ ಸಲ ಹೆಂಡತಿಯ ಮಾತು ಕೇಳಿ, ಸುಮ್ಮನೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.