ಟೈ ಕಟ್ಟಿಕೊಂಡ ಪ್ರವರ

ಗುರುಕಿರಣನನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ನಾಲ್ಕರಲ್ಲಿ, ಅಡ್ಡಗದ್ದೆಯ ಒಂದು ಸತ್ಯನಾರಾಯಣ ಪೂಜೆಯ ದಿನ. ಪುರೋಹಿತನಾಗಿ ಬಂದಿದ್ದ ಆತ ಪ್ರಸಾದ ಹಂಚುತ್ತಲೇ ಘೋಷಿಸಿದ: "ಮೇಷ್ಟ್ರೇ, ಇದೇ ನನ್ನ ಕಡೇ ಪೂಜೆ! ಸೋಮವಾರ ಕೊಪ್ಪದಲ್ಲಿ ಇಂಟರ್‌ವ್ಯೂ. ಇನ್ನು ಪಂಚೆ ಇಲ್ಲ, ಪ್ಯಾಂಟು! ದಕ್ಷಿಣೆ ಇಲ್ಲ, ಸಂಬಳ!"

ಕೆಲಸ ಪವರ್ ಟಿಲ್ಲರ್ ಮಾರುವ ಕಂಪನಿಯೊಂದರ ಶಾಖೆಯಲ್ಲಿ. ಇದ್ದದ್ದು ಒಂದೇ ಹುದ್ದೆ. ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುವ ಗುರುಕಿರಣನಿಗೆ ಅದೇ ಕಡೆಯ ಅವಕಾಶ.

ಇಂಟರ್‌ವ್ಯೂ ಅಭ್ಯಾಸಕ್ಕೆ ಮನೆಯಲ್ಲಿ ಹೆಂಡತಿ ಶ್ರಾವ್ಯಳೇ ಮ್ಯಾನೇಜರ್ ಆದಳು. ಕಾಯಿ ತುರಿಯುತ್ತಲೇ ಗಂಭೀರವಾಗಿ ಕೇಳುವಳು: "ನಿಮ್ಮ ಬಗ್ಗೆ ಹೇಳಿ."

"ಮೈ ನೇಮ್ ಈಸ್ ಗುರುಕಿರಣಾಆಆ..."

"ರಾಗ ಬೇಡ ಮಾರಾಯ್ರೆ! ಅವರೇನು ಮಂಗಳಾರತಿ ತಗೊಳ್ಳೋಕೆ ಕೂತಿರ್ತಾರಾ?"

"ಬಾಯಿಗೆ ಅಭ್ಯಾಸ ಆಗ್ಹೋಗಿದೆ ಮಾರಾಯ್ತಿ, ಎಂತ ಮಾಡೋದು?"

ಟೈ ಅವಳ ತಮ್ಮನ ಮದುವೆಯದು. ಕಟ್ಟಿದರೆ ಹೊಕ್ಕುಳು ದಾಟಿ ಇಳಿಯುತ್ತಿತ್ತು.

ಸೋಮವಾರ ಕೊಪ್ಪದಲ್ಲಿ ಸೇರಿದ್ದವರು ಮದುವೆಯೂಟದ ಎರಡು ಪಂಕ್ತಿಗೆ ಸಾಲುತ್ತಿದ್ದರು! ಒಳಗೆ ಮೂವರು ಕುಳಿತಿದ್ದರು. ನಡುವೆ, ಗಾಲಿಗಳ ಮೇಲೆ ತಿರುಗುವ ಆಫೀಸು ಕುರ್ಚಿಯಲ್ಲಿ, ಮ್ಯಾನೇಜರ್ ಮಹೇಶ್ವರ. ನರೆತ ತಲೆ, ಹಣೆಯಲ್ಲಿ ವಿಭೂತಿ. ಥೇಟ್ ಮನೆಯ ಹಿರಿಯರಂತೆ ಅವರು ಕೇಳಿದರು: "ನಿಮ್ಮ ಬಗ್ಗೆ ಹೇಳಿ."

ಕಲಿತ ಇಂಗ್ಲಿಷೆಲ್ಲ ಕರ್ಪೂರದಂತೆ ಆವಿಯಾಯಿತು. ಹಿರಿಯರ ಮುಂದೆ ತನ್ನ ಬಗ್ಗೆ ಹೇಳುವ ಒಂದೇ ಒಂದು ವಿಧಾನ ಆತನ ರಕ್ತದಲ್ಲಿತ್ತು. ಕೈಗಳು ತಾವಾಗಿಯೇ ಕಿವಿ ಹಿಡಿದವು. "ಚತುಸ್ಸಾಗರಪರ್ಯಂತಂ..." ಎಂದು ಪ್ರವರ ಆರಂಭಿಸಿ, ಋಷಿ, ಗೋತ್ರ, ಸೂತ್ರಗಳನ್ನೆಲ್ಲ ಒಪ್ಪಿಸಿ, ಮೇಜು ಸುತ್ತಿ ಹೋಗಿ, "ಅಭಿವಾದಯೇ!" ಎಂದು ಅವರ ಕಾಲಬುಡದಲ್ಲಿ ಉದ್ದಕ್ಕೆ ಬಿದ್ದ!

ಮ್ಯಾನೇಜರ್ ಬೆಚ್ಚಿ ಕುರ್ಚಿ ಸರಿಸಿದರು. "ಆಯುಷ್ಮಾನ್ ಭವ! ಏಳಿ, ಏಳಿ."

"ಏಳೋಕಾಗ್ತಿಲ್ಲ ಸಾರ್."

"ಭಾವುಕರಾಗಬೇಡಿ, ಏಳಿ."

"ಭಾವ ಎಂತದೂ ಇಲ್ಲ ಸಾರ್! ನಿಮ್ಮ ಗಾಲಿ ನನ್ನ ಟೈ ಮೇಲಿದೆ!"

ಗಾಬರಿಯಲ್ಲಿ ಅವರು ಕುರ್ಚಿಯನ್ನು ಇನ್ನೊಂದು ಕಡೆಗೆ ಎಳೆದರು. ಟೈ ಗಾಲಿಗೆ ಸುತ್ತಿಕೊಂಡಿತು. ಬಿಡಿಸಲು ಬಗ್ಗಿದವರ ಕೈ ತಗುಲಿ ನೀರಿನ ಹೂಜಿ ಅರ್ಜಿಗಳ ಮೇಲೆ ಉರುಳಿತು. ಕೊನೆಗೆ ಕತ್ತರಿ ತರಿಸಬೇಕಾಯಿತು.

ಅರ್ಧ ಟೈಯೊಡನೆ ಹೊರಬಂದವನನ್ನು ಕಡಹಿನಬೈಲಿನ ಪ್ರದೀಪ ಎಂಬ ಅಭ್ಯರ್ಥಿ ಕೇಳಿದ: "ಒಳಗೆ ಎಂತ ಕೇಳ್ತಾರೆ ಮಾರಾಯ?"

"ಮೊದಲು ಆ ಟೈ ಬಿಚ್ಚು!"

ಪ್ರದೀಪ ಬಿಚ್ಚಿದ. ಕೆಲಸ ಅವನಿಗೇ ಸಿಕ್ಕಿತು!

ಮನೆಯಲ್ಲಿ ಶ್ರಾವ್ಯ ಬಾಗಿಲಲ್ಲೇ ಕಾದಿದ್ದಳು. "ಸಿಕ್ತಾ?"

"ಆಶೀರ್ವಾದ ಸಿಕ್ತು."

"ಟೈ ಇನ್ನರ್ಧ?"

"ಮ್ಯಾನೇಜರ್ ಕುರ್ಚೀಲಿದೆ."

ನಗಲು ಹೊರಟವಳು ಗಂಡನ ಕಣ್ಣು ನೋಡಿ ಒಳಗೆ ಹೋದಳು. ಕಾಫಿ ತಂದಿಟ್ಟಳು. ಪ್ಯಾಂಟು ಮಡಚಿ ಪೆಟ್ಟಿಗೆಗಿಟ್ಟ ಆತ ಎಷ್ಟೋ ದಿನ ಯಾರ ಮನೆಯ ಪೂಜೆಗೂ ಹೋಗಲಿಲ್ಲ.

ನವರಾತ್ರಿಗೆ ಆ ಕಂಪನಿಯಿಂದಲೇ ಫೋನು ಬಂತು: "ಭಟ್ರೇ, ಆಯುಧಪೂಜೆಗೆ ಬರಬೇಕು. ನಿಮ್ಮ ಉಚ್ಚಾರ ಬಹಳ ಸ್ಪಷ್ಟ ಅಂತ ಸಾಹೇಬ್ರು ನೆನಪಿಟ್ಟುಕೊಂಡಿದ್ದಾರೆ!"

ಈಗಲೂ ಗುರುಕಿರಣ ಪ್ರತಿವರ್ಷ ಅಲ್ಲಿಗೆ ಹೋಗುತ್ತಾನೆ, ಪಂಚೆಯಲ್ಲಿ. ಟಿಲ್ಲರುಗಳ ಗಾಲಿಗೆಲ್ಲ ನಿಂಬೆಹಣ್ಣಿಟ್ಟು, ಬಳಿಕ ಒಳಗೆ ಹೋಗಿ ಆ ಕುರ್ಚಿಯ ಗಾಲಿಗೂ ಒಂದೊಂದು ಇಡುತ್ತಾನೆ.

"ಕುರ್ಚಿಗೂ ನಿಂಬೆಹಣ್ಣಾ ಭಟ್ರೇ?" ಎಂದು ಪ್ರದೀಪ ನಗುತ್ತಾನೆ.

"ನಿಮ್ಮ ವಾಹನಗಳಲ್ಲೆಲ್ಲ ಅಪಘಾತ ಮಾಡಿದ್ದು ಇದೊಂದೇ ಮಾರಾಯ!"