ಈ ಕಡೆ ಗುಂಡಿ, ಆ ಕಡೆ ಕಾಜ

ಶ್ರೀನಾಥ ಮೇಷ್ಟ್ರ ಗ್ರಹಚಾರ ಆ ದಿನ ಒಂದು ಹೊಸ ಶರ್ಟಿನ ರೂಪದಲ್ಲಿ ಬಂತು. ಅವರ ಟೈಲರಿಂಗ್ ಶಿಷ್ಯೆ ಶೀಬಾ ತಾನು ಹೊಲಿದ ಮೊಟ್ಟಮೊದಲ ಶರ್ಟನ್ನು ಗುರುದಕ್ಷಿಣೆ ಎಂದು ಹಿಂದಿನ ಸಂಜೆ ಕೊಟ್ಟುಹೋಗಿದ್ದಳು. ಬೆಳಿಗ್ಗೆ ಅದನ್ನು ತೊಟ್ಟು ಗುಂಡಿ ಹಾಕಲು ಹೋದರೆ ಬೆರಳುಗಳು ಮಾತೇ ಕೇಳಲೊಲ್ಲವು. ಗುಂಡಿ ಇರಬೇಕಾದಲ್ಲಿ ಅದನ್ನು ತೂರಿಸುವ ಕಾಜ, ಕಾಜ ಇರಬೇಕಾದಲ್ಲಿ ಗುಂಡಿ. ಹೇಗೋ ಹೆಣಗಿ ಹಾಕಿಕೊಂಡು ಹಲಸೂರಿನ ತಮ್ಮ ಗಲ್ಲಿಗೆ ಇಳಿದರು.

ಎದುರುಮನೆಯ ಆಂಜನಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಏನ್ ಮೇಷ್ಟ್ರೇ, ಹೆಂಡ್ತಿ ಶರ್ಟ್ ಹಾಕ್ಕೊಂಡ್ ಹೊರಟ್ರಾ?"

"ನಂದೇ ಕಣಮ್ಮಾ!"

"ನನ್ ಸೊಸೆ ಆಫೀಸಿಗೆ ಹಾಕ್ಕೊಂಡ್ ಹೋಗೋ ಶರ್ಟಿಗೂ ಗುಂಡಿ ಹಿಂಗೇ ಎಡಗಡೆ ಇರತ್ತೆ. ಇರ್ಲಿ ಬಿಡಿ, ಕೊರೋನಾ ಬಂದ್ಮೇಲೆ ಯಾರು ಏನ್ ಹಾಕ್ಕೊಂಡ್ರೂ ಕೇಳೋರಿಲ್ಲ."

ಮೇಷ್ಟ್ರಿಗೆ ನಗು ಬರಲಿಲ್ಲ, ಶೀಬಾಳೇ ಹೀಗೆ ಹೊಲಿದಿದ್ದರೆ ಮಿಕ್ಕವರ ಗತಿಯೇನು ಎಂಬ ದಿಗಿಲು ಹತ್ತಿತು. ಯಾಕೆಂದರೆ ಅವತ್ತು ಮಧ್ಯಾಹ್ನವೇ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮ್ಯಾನೇಜರ್ ಬಂದು ಅವರ ಶಿಷ್ಯೆಯರಿಗೆ ಪರೀಕ್ಷೆ ಇಡುವುದಿತ್ತು. ಪಾಸಾದವರಿಗೆ ಕೆಲಸ. ಬೈಯಪ್ಪನಹಳ್ಳಿಯ ಆ ತರಬೇತಿ ಕೇಂದ್ರ ಇರುವುದು ಮುನಿನಾರಾಯಣಪ್ಪನವರ ಕಟ್ಟಡದ ಮಹಡಿಯಲ್ಲಿ. ಅವರಂತೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ನೋಡಿ ಮೇಷ್ಟ್ರೇ, ಲಾಕ್‌ಡೌನ್‌ನಲ್ಲಿ ಸುಮ್ನಿದ್ದೆ. ಈ ಸಲ ಹೆಣ್ಮಕ್ಳು ಪಾಸಾದ್ರೆ ಸೆಂಟರ್ ಇರತ್ತೆ. ಇಲ್ಲಾಂದ್ರೆ ಮಂಚ ಹಾಕಿ ಪಿಜಿ ಹಾಸ್ಟೆಲ್ ಮಾಡ್ತೀನಿ. ಮೆಟ್ರೋ ಪಕ್ಕದಲ್ಲೇ ಐತೆ, ಜನ ಮುಗಿಬೀಳ್ತಾರೆ."

ಈ ಬ್ಯಾಚಿನ ಕತೆಯೇ ಬೇರೆ. ಸೇರಿದ ವಾರಕ್ಕೇ ಲಾಕ್‌ಡೌನ್ ಆಗಿತ್ತು. ಮೆಷಿನ್‌ಗಳು ಮುಸುಕು ಹೊದ್ದು ಮಲಗಿದವು. ಮೇಷ್ಟ್ರು ಮನೆಯಲ್ಲೇ ಫೋನನ್ನು ವಾಟರ್ ಫಿಲ್ಟರಿಗೆ ದಾರದಿಂದ ಬಿಗಿದು, ತಮ್ಮ ಶರ್ಟಿನ ಮೇಲೇ ಬೆರಳಿಟ್ಟು ಪಾಠ ಹೇಳಿ ವಿಡಿಯೋ ಕಳಿಸಿದರು. ಶಿಷ್ಯೆಯರು ಗಂಡನದೋ ತಮ್ಮನದೋ ಫೋನನ್ನು ಕಾಡಿ ಬೇಡಿ ಪಡೆದು, ಹಳೇ ಪೇಪರು ಕತ್ತರಿಸಿ ಕಲಿತರು. ಬಟ್ಟೆ ಮುಟ್ಟುವ ಮೊದಲೇ ಸರ್ಟಿಫಿಕೇಟೂ ಬಂದುಬಿಟ್ಟಿತು. ದೇಶಕ್ಕೆ ದೇಶವೇ ಹಾಗೆ ಪಾಸಾಗುತ್ತಿದ್ದಾಗ ಇವರನ್ನೇ ಯಾಕೆ ನಿಲ್ಲಿಸಬೇಕು?

ಮೇಷ್ಟ್ರು ಕೇಂದ್ರಕ್ಕೆ ಓಡಿದರು. ಕೇಂದ್ರ ಮತ್ತೆ ತೆರೆದು, ಪರೀಕ್ಷೆಯ ಅಭ್ಯಾಸಕ್ಕೆಂದು ಹಿಂದಿನ ದಿನವಷ್ಟೇ ಹೊಲಿದ ಶರ್ಟುಗಳು ಸಾಲಾಗಿ ತೂಗಾಡುತ್ತಿದ್ದವು. ಎಲ್ಲದಕ್ಕೂ ಗುಂಡಿ ಎಡಗಡೆ!

"ಏನಮ್ಮಾ ಇದು? ಗಂಡಸ್ರ ಶರ್ಟಿಗೆ ಗುಂಡಿ ಯಾವ ಕಡೆ ಬರತ್ತೆ?"

"ನೀವ್ ಹೇಳ್ಕೊಟ್ಟಿದ್ ಕಡೆಗೇ ಸಾರ್," ಎಂದಳು ಶೀಬಾ. ಫೋನ್ ತೆಗೆದು ತೋರಿಸಿದಳು. ವಿಡಿಯೋದಲ್ಲಿ ಮೇಷ್ಟ್ರು ಮಂದಹಾಸ ಬೀರುತ್ತಾ, "ಈ ಕಡೆ ಗುಂಡಿ, ಆ ಕಡೆ ಕಾಜ" ಎನ್ನುತ್ತಿದ್ದರು. ಎಡ ಬಲ ಎಂಬ ಮಾತು ಅಪ್ಪಿತಪ್ಪಿಯೂ ಬಾಯಿಂದ ಬಂದಿರಲಿಲ್ಲ. ಅವರ ಬೆನ್ನ ಹಿಂದಿನ ಕ್ಯಾಲೆಂಡರಿನಲ್ಲಿ ಅಕ್ಷರಗಳೆಲ್ಲ ತಿರುಗುಮುರುಗಾಗಿದ್ದವು.

ತಮ್ಮ ಮುಖ ಕಾಣದಿದ್ದರೆ ಪಾಠ ಹೇಳುವುದು ಹೇಗೆಂದು ಅವರು ಸೆಲ್ಫಿ ಕ್ಯಾಮೆರಾ ಇಟ್ಟುಕೊಂಡಿದ್ದರು. ಆ ಹಾಳು ಫೋನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಹಿಡಿದಿತ್ತು.

"ಕ್ಯಾಲೆಂಡರ್ ಉಲ್ಟಾ ಇರೋದು ಯಾರಿಗೂ ಕಾಣ್ಲಿಲ್ವಾ?"

"ಕಾಣ್ತು ಸಾರ್. ತೆಲುಗು ಅನ್ಕೊಂಡ್ವಿ."

"ಮನೇಲಿ ಗಂಡನ ಶರ್ಟಾದ್ರೂ ನೋಡ್ಬಾರ್ದಾ?"

"ನೋಡ್ದೆ ಸಾರ್," ಎಂದಳು ಸುಕನ್ಯ. "ಅದು ಫುಟ್‌ಪಾತ್‌ನಲ್ಲಿ ತಗೊಂಡಿದ್ದು. ಅದೇ ತಪ್ಪಿರ್ಬೇಕು ಅಂತ ಎಲ್ಲಾ ಬಿಚ್ಚಿ ಈ ಕಡೆಗೆ ಹಾಕ್ಬಿಟ್ಟೆ. ಅವ್ರು ಮೂರ್ ದಿನ ಮಾತಾಡ್ಲಿಲ್ಲ."

ಮೇಷ್ಟ್ರು ತಲೆ ಚಚ್ಚಿಕೊಂಡರು. ಶಿಷ್ಯರ ಇಂಥ ಗುರುಭಕ್ತಿಗೆ ಏನೆಂದು ಬೈಯುವುದು? ಕೆಂಪು ದಾರ ತಂದು ಒಬ್ಬೊಬ್ಬರ ಬಲಗೈಗೂ ಕಟ್ಟಿದರು. "ಈ ಕೈ ಕಡೆಗೇ ಗುಂಡಿ. ಸತ್ರೂ ಬಿಡಬೇಡಿ. ಆ ದರಿದ್ರ ವಿಡಿಯೋನ ಮೊದ್ಲು ಡಿಲೀಟ್ ಮಾಡಿ!" ತಾವೇ ಮೊದಲು ಅಳಿಸಿದರು. ವಾಟ್ಸಾಪ್ ಗ್ರೂಪಿಗೂ ವಿಡಿಯೋ ಡಿಲೀಟ್ ಮಾಡಿ ಎಂದಷ್ಟೇ ಮೆಸೇಜ್ ಹಾಕಿದರು. ಆಮೇಲೆ ಶುರುವಾಯಿತು ಬಿಚ್ಚುವುದು, ಹೊಲಿಯುವುದು, ಮತ್ತೆ ಬಿಚ್ಚುವುದು. ಕಲಿತದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟ ಎಂದು ಅವರಿಗೆ ಅಂದೇ ತಿಳಿದದ್ದು. ಊಟದ ಹೊತ್ತು ಮೀರಿ, ಗಂಟಲು ಕಟ್ಟಿ, ಕೊನೆಗೂ ಎಲ್ಲರ ಗುಂಡಿಗಳೂ ಬಲಕ್ಕೆ ಬಂದು ಕೂತವು.

ಅಷ್ಟರಲ್ಲಿ ಮ್ಯಾನೇಜರ್ ಅಲಿಯಾ ಮೇಡಂ ಬಂದೇಬಿಟ್ಟರು. ಕತ್ತರಿಸಿ ತಂದಿದ್ದ ಬಟ್ಟೆ ಹಂಚಿ, "ನಮ್ ಫ್ಯಾಕ್ಟರೀಲಿ ಹೊಲಿಯೋ ಶರ್ಟೇ. ಮುಂಭಾಗ ಹೊಲ್ದು, ಗುಂಡಿ ಕಾಜ ಹಾಕಿ ಕೊಡಿ. ಯಾರೂ ಮಾತಾಡೋ ಹಾಗಿಲ್ಲ," ಎಂದರು.

ಆಗಲೇ, ಬೆಳಿಗ್ಗೆಯಿಂದ ಪತ್ತೆಯೇ ಇರದಿದ್ದ ಶಿಷ್ಯೆ ದಿವ್ಯ ಏದುಸಿರು ಬಿಡುತ್ತಾ ಒಳಗೆ ಬಂದಳು. "ಸಾರಿ ಸಾರ್, ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ಬಸ್ಸು ಅಲ್ಲಾಡ್ಲೇ ಇಲ್ಲ." ಮೇಷ್ಟ್ರು ದಾರ ಹಿಡಿದು ಅವಳತ್ತ ನುಗ್ಗಿದರು. ಮೇಡಂ ಕೈ ಅಡ್ಡ ಹಿಡಿದು, "ಕೂತ್ಕೊಳ್ಳಿ ಮೇಷ್ಟ್ರೇ," ಎಂದರು. ಹೋಗಲಿ, ಇದೊಂದು ಹುಡುಗಿ ಫೇಲಾದರೂ ಮಿಕ್ಕವರು ಪಾಸಾಗುತ್ತಾರಲ್ಲ ಎಂದು ಮೇಷ್ಟ್ರು ಮನಸ್ಸು ಗಟ್ಟಿ ಮಾಡಿಕೊಂಡರು.

ಶೀಬಾ ಬಟ್ಟೆ ಎತ್ತಿ ಹಿಡಿದಳು. "ಸಾರ್, ಇದು ಹೂವಿನ ಬಟ್ಟೆ..."

"ಹೂವೋ ಮುಳ್ಳೋ, ನಿಂಗ್ಯಾಕೆ? ದಾರ ನೋಡು!" ಎಂದು ಮೇಷ್ಟ್ರು ಪಿಸುದನಿಯಲ್ಲೇ ಗದರಿದರು.

ಮೆಷಿನ್‌ಗಳು ನಿಂತವು. ಮೇಡಂ ಒಂದೊಂದನ್ನೂ ಎತ್ತಿ ನೋಡಿ ಹುಬ್ಬು ಗಂಟಿಕ್ಕಿದರು. ದಿವ್ಯಳ ಶರ್ಟಿನ ಹತ್ತಿರ ಮಾತ್ರ ಮುಖ ಅರಳಿತು.

"ಮೇಷ್ಟ್ರೇ, ನಾವು ಹೊಲಿಯೋದು ಬರೀ ಲೇಡೀಸ್ ಶರ್ಟು. ಗುಂಡಿ ಎಡಗಡೆ ಬರ್ಬೇಕು. ಬಟ್ಟೆ ನೋಡಿದ್ರೇ ಗೊತ್ತಾಗಲ್ವಾ? ಈ ಹುಡುಗಿ ಬಿಟ್ರೆ ಎಲ್ರೂ ಗಂಡಸ್ರ ಶರ್ಟ್ ಮಾಡಿಟ್ಟಿದ್ದಾರೆ. ನೀನ್ ಎಲ್ ಕಲ್ತೆಮ್ಮಾ?"

"ಸಾರ್ ಲಾಕ್‌ಡೌನ್‌ನಲ್ಲಿ ಕಳ್ಸಿದ್ ವಿಡಿಯೋ ನೋಡೇ ಮೇಡಂ."

"ಹೌದಾ! ಹಾಗಾದ್ರೆ ಆ ವಿಡಿಯೋನೇ ಇವ್ರಿಗೂ ತೋರ್ಸಿ. ಇಲ್ಲೇ, ನನ್ನೆದುರಿಗೇ. ವಿಡಿಯೋ ಇದ್ರೆ ಇನ್ನೊಂದು ಚಾನ್ಸ್ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ."

ಕೆಂಪು ದಾರದ ಕೈಗಳೆಲ್ಲ ಫೋನಿನತ್ತ ಹೋಗಿ, ಅಳಿಸಿದ್ದು ನೆನಪಾಗಿ ಹಿಂದೆ ಬಂದವು. ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ. ಮೇಷ್ಟ್ರು ಕೊನೆಯ ಆಸೆಯಿಂದ ದಿವ್ಯಳತ್ತ ನೋಡಿದರು. "ನಿನ್ ಫೋನಲ್ಲಿ ಇದೆ ಅಲ್ವೇನಮ್ಮಾ?"

"ನಿಮ್ ಮೆಸೇಜು ಬಸ್ಸಲ್ಲೇ ನೋಡ್ದೆ ಸಾರ್. ಆಗ್ಲೇ ಡಿಲೀಟ್ ಮಾಡ್ಬಿಟ್ಟೆ," ಎಂದಳು ದಿವ್ಯ ವಿನಯದಿಂದ. "ನೀವ್ ಹೇಳಿದ್ಮೇಲೆ ಮೀರಕ್ಕಾಗತ್ತಾ?"

ಮೇಡಂ ದಿವ್ಯಳ ಹೆಸರೊಂದನ್ನೇ ಬರೆದುಕೊಂಡು ಮೆಟ್ಟಿಲಿಳಿದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮುನಿನಾರಾಯಣಪ್ಪನವರು ಒಳಗೆ ಬಂದು, ಮಂಚ ಎಲ್ಲೆಲ್ಲಿ ಹಿಡಿಸುತ್ತದೆಂದು ಗೇಣಿನಲ್ಲಿ ಅಳೆಯತೊಡಗಿದರು. ಮೂಲೆಯಲ್ಲಿ ಕುಸಿದು ಕೂತ ಮೇಷ್ಟ್ರನ್ನು ಕಂಡು ಅವರಿಗೂ ಅಯ್ಯೋ ಅನಿಸಿರಬೇಕು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಪಿಜಿಗೆ ದಿಂಬಿನ ಕವರ್ ಬೇಕಾಗತ್ತೆ, ನೀವೇ ಹೊಲ್ಕೊಡಿ. ಅದಕ್ಕೆ ಗುಂಡಿ ಇರಲ್ಲ."