ಒದ್ದೆ ಹಾಸಿಗೆಯ ವಿಚಾರಣೆ

ಹಾಸಿಗೆ ಒದ್ದೆಯಾದದ್ದು ರಜೆಯ ದಿನ. ಕೆಲಸದ ದಿನವಾಗಿದ್ದರೆ ನಮ್ಮ ಕನ್ನಡಕದಂಗಡಿಯವನು ಅಂಗಡಿಗೆ ಓಡುತ್ತಿದ್ದ, ಅಕ್ಕಪಕ್ಕದ ಗಂಡಸರೂ ಅವರವರ ಪಾಡಿಗೆ ಹೋಗುತ್ತಿದ್ದರು, ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಹೆಂಡತಿ ಪ್ರೀತಿಯಿಂದಲೇ ಇದ್ದರು. ಆ ಬೆಳಿಗ್ಗೆ ತುಸು ಹೆಚ್ಚೇ ಪ್ರೀತಿಯಿಂದ ಇದ್ದು, ಆಮೇಲೆ ಇಬ್ಬರಿಗೂ ಜೊಂಪು ಹತ್ತಿತ್ತು. ಎಚ್ಚರವಾಗಿ ನೋಡಿದರೆ ಹಾಸಿಗೆಯ ನಡುವೆ ಒಂದು ಪುಟ್ಟ ಕೆರೆ. ಹೆಂಡತಿ ಮುಖ ಮುಚ್ಚಿಕೊಂಡಳು.

"ಇದು ಎರಡನೇ ಸಲ. ನಂಗೇನೋ ಕಾಯಿಲೆ ಇದೆ. ಇವತ್ತಿಂದ ನಾನು ಹಾಲಲ್ಲಿ ಚಾಪೆ ಹಾಸ್ಕೊಂಡು ಮಲಗ್ತೀನಿ."

"ಕಾಯಿಲೆ ಅಲ್ವೇ. ಹೋದ ಸಲಾನೇ ನಾನು ಎಲ್ಲಾ ಓದಿ ನೋಡಿದೀನಿ. ಕೆಲವು ಹೆಂಗಸರಿಗೆ ಆ ಹೊತ್ತಲ್ಲಿ ನೀರಿನ ಹಾಗೆ ಬರೋದುಂಟಂತೆ. ಕೆಲವು ವಿಜ್ಞಾನಿಗಳು ಸ್ಕ್ಯಾನ್ ಮಾಡಿ ಅದು ಮೂತ್ರಕೋಶದಿಂದಲೇ ಬರೋದು ಅಂತಾರೆ. ಇನ್ನು ಕೆಲವರು, ಅಲ್ಲ, ಪಕ್ಕದಲ್ಲಿ ಪುಟ್ಟ ಗ್ರಂಥಿಗಳಿವೆ, ಅಲ್ಲಿಂದ ಬರೋದು ಅಂತಾರೆ. ಎರಡೂ ಬೆರೆತಿರುತ್ತೆ ಅನ್ನೋರೂ ಇದಾರೆ."

"ಅಂದ್ರೆ ಅವರಿಗೇ ಗೊತ್ತಿಲ್ಲ."

"ಇನ್ನೂ ವಾದ ಮಾಡ್ತಿದಾರೆ. ಆದ್ರೆ ಇದು ಕಾಯಿಲೆ ಅಂತ ಯಾರೂ ಹೇಳ್ತಿಲ್ಲ."

ಅವಳು ಅರ್ಧ ನಂಬಿದಳು. ಅವಳು ಹೀಗೆ ಕುಗ್ಗಿ ಕೂತದ್ದನ್ನು ಕಂಡು ಅವನಿಗೆ ನಿಜಕ್ಕೂ ಸಂಕಟವಾಯಿತು. ವಿಷಯ ಯಾರ ಕಿವಿಗೂ ಬೀಳಬಾರದು, ಅವಳು ಹಾಲಿಗೂ ಹೋಗಬಾರದು, ಅವನಿಗೆ ಬೇಕಾದದ್ದು ಇಷ್ಟೇ. ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ತಾರಸಿಗೆ ಹೊರಟ.

ಮೆಟ್ಟಿಲಲ್ಲೇ ಮನೆ ಮಾಲೀಕರು ಸಿಕ್ಕಿದರು. ನೀರು ಸರಬರಾಜಿನ ಎಂಜಿನಿಯರಾಗಿ ನಿವೃತ್ತರಾದವರು. ಒದ್ದೆ ಕಂಡರೆ ಅವರಿಗೆ ಹಳೆಯ ಉತ್ಸಾಹ ಮರಳುತ್ತಿತ್ತು.

"ಏನಪ್ಪಾ, ಹಾಸಿಗೆ ನೆಂದಿದೆ?"

"ನೀರು ಸಾರ್."

"ಎಲ್ಲಿಂದ ಬಂತು?"

ಈ ಪ್ರಶ್ನೆಗೆ ವಿಜ್ಞಾನಿಗಳೇ ಉತ್ತರ ಹೇಳಿರಲಿಲ್ಲ, ಇವನೇನು ಹೇಳಿಯಾನು. "ಗೊತ್ತಿಲ್ಲ ಸಾರ್" ಅಂದುಬಿಟ್ಟ.

ಅಲ್ಲಿಗೆ ಕೆಲಸ ಕೆಟ್ಟಿತು. ಮಾಲೀಕರು ತಾರಸಿಗೇ ಹಿಂಬಾಲಿಸಿ ಬಂದು ಹಾಸಿಗೆಯನ್ನು ಮಗುಚಿ ಮಗುಚಿ ನೋಡಿದರು. ಮೇಲಿನ ಮನೆಯ ಕೆಮಿಸ್ಟ್ರಿ ಮೇಷ್ಟ್ರನ್ನು ಕರೆಸಿದರು.

"ನಿಮ್ಮ ಬಚ್ಚಲು ಸೋರ್ತಿದೆ ಮೇಷ್ಟ್ರೇ."

"ನಮ್ಮ ಬಚ್ಚಲಿಗೇನಾಗಿದೆ? ನಿಮ್ಮ ಗೋಡೆ ಒಳಗಿನ ಪೈಪೇ ತೂತು."

ಬಚ್ಚಲೋ ಪೈಪೋ, ಅಥವಾ ಎರಡೂ ಬೆರೆತದ್ದೋ ಎಂದು ಇಬ್ಬರೂ ವಾದಕ್ಕೆ ನಿಂತರು. ಈ ಜಗಳವನ್ನು ಎಲ್ಲೋ ಓದಿದ್ದೇನಲ್ಲ ಎಂದು ಕನ್ನಡಕದವನಿಗೆ ಅನಿಸಿತು. ಅಷ್ಟರಲ್ಲಿ ಮಾಲೀಕರು ಫೋನ್ ಮಾಡಿ ಪ್ಲಂಬರನ್ನು ಕರೆಸಿಯೂ ಆಗಿತ್ತು. ಅವನು ಸುತ್ತಿಗೆ ಹಿಡಿದು, "ಮಲಗೋ ಕೋಣೆ ಗೋಡೆ ಒಡೀಲಾ?" ಎಂದು ಕೇಳಿದ.

"ತಡಿಯಪ್ಪಾ" ಎಂದರು ಮೇಷ್ಟ್ರು. "ಒಡೆಯೋ ಮೊದಲು ಇದು ಯಾವ ನೀರು ಅಂತ ಪರೀಕ್ಷೆ ಮಾಡೋಣ. ಒಂಚೂರು ಹತ್ತಿ ಕಿತ್ಕೊಡಿ. ಸಾಮಾನೆಲ್ಲ ಮನೇಲೇ ಇದೆ, ನೀರಿನ ಜಾತಕ ತೆಗೆದುಕೊಡ್ತೀನಿ."

ಕನ್ನಡಕದವನ ಜೀವ ಬಾಯಿಗೆ ಬಂತು. ಮೇಷ್ಟ್ರ ಕೈ ಹಾಸಿಗೆಯ ಹೊಲಿಗೆಗೆ ಬಿದ್ದಿತ್ತು. ಇನ್ನು ಉಳಿದದ್ದು ಒಂದೇ ದಾರಿ.

"ಬೇಡಿ ಮೇಷ್ಟ್ರೇ. ಅದು ನಂದು."

"ಏನು ನಿಮ್ಮದು?"

"ನಿದ್ದೇಲಿ ಆಗ್ಬಿಡುತ್ತೆ. ಚಿಕ್ಕಂದಿನಿಂದ ಇದೆ."

ಪ್ಲಂಬರ್ ಸುತ್ತಿಗೆಯನ್ನು ಚೀಲದೊಳಗಿಟ್ಟ. ಮೇಷ್ಟ್ರು ಕೈಯನ್ನು ಲುಂಗಿಗೆ ಒರೆಸಿಕೊಂಡರು. ಮಾಲೀಕರು ಅವನ ಹೆಗಲು ತಟ್ಟಿ, "ಇದಕ್ಕೆಲ್ಲ ನಾಚ್ಕೋಬಾರದು. ಸಂಜೆ ಆದ್ಮೇಲೆ ನೀರು ಕಮ್ಮಿ ಕುಡಿ" ಎಂದರು.

ಸಂಜೆಯವರೆಗೂ ಕಂಡವರೆಲ್ಲ ಅವನನ್ನು ಕನಿಕರದಿಂದ ನೋಡಿದರು. ಅವನಿಗೆ ಬೇಸರವಾಗಲಿಲ್ಲ. ತನ್ನ ಮಾನ ಹೋದರೂ ಹೆಂಡತಿಯ ಮಾನ ಉಳಿದಿತ್ತು. ಒಣಗಿದ ಹಾಸಿಗೆ ಹೊತ್ತು ಒಳಗೆ ಬರುವಾಗ ಅವನ ನಡಿಗೆಯಲ್ಲಿ ಗೆದ್ದು ಬಂದವನ ಠೀವಿಯಿತ್ತು.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

"ಬೆಳಿಗ್ಗೆ ನೀವು ಮೇಲೆ ಹೋದ ತಕ್ಷಣ ನಾನು ಪಕ್ಕದ ಮನೆ ಡಾಕ್ಟರಮ್ಮನ್ನ ಕೇಳಿದೆ. ನೀವು ಹೇಳಿದ್ದನ್ನೇ ಹೇಳಿದ್ರು. ಹೆದರೋದು ಬೇಡ, ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ ಅಂತ. ಮನಸ್ಸು ಎಷ್ಟು ಹಗುರ ಆಯ್ತು ಗೊತ್ತಾ? ನೀವು ಬಂದ ಕೂಡ್ಲೇ ಒಂದು ಮುತ್ತು ಕೊಡಬೇಕು ಅಂತಿದ್ದೆ."

ಅವನು ಹಾಸಿಗೆ ಹೊತ್ತುಕೊಂಡೇ ಕೆನ್ನೆ ಮುಂದೆ ಮಾಡಿದ.

"ಅಷ್ಟರಲ್ಲಿ ಮಾಲೀಕರ ಹೆಂಡತಿ ಬಂದ್ರು. ನಿಮಗಿದು ಚಿಕ್ಕಂದಿನಿಂದ ಇದೆಯಂತೆ?"

"ಅದು ನಿನ್ನ ಮಾನ ಉಳಿಸೋಕೆ ಹೇಳಿದ್ದು ಕಣೇ."

"ನಾನು ಕೇಳದೇ ಇದ್ರೂ ಹೋದ ಸಲಾನೇ ಅಷ್ಟೆಲ್ಲ ಯಾಕೆ ಓದಿಟ್ಕೊಂಡಿದ್ರಿ ಅಂತ ಈಗ ಅರ್ಥ ಆಯ್ತು. ನಿಮ್ದನ್ನ ನನ್ನ ತಲೆಗೆ ಕಟ್ಟಿದ್ರಿ. ಸಾಲದು ಅಂತ ವಿಜ್ಞಾನಿಗಳನ್ನೂ ಸಾಕ್ಷಿಗೆ ಕರೆತಂದ್ರಿ."

"ಇಬ್ರೂ ಮೇಷ್ಟ್ರ ಹತ್ರ ಹೋಗೋಣ ಬಾ. ಪರೀಕ್ಷೆ ಮಾಡಿಸಿ ತೋರಿಸ್ತೀನಿ" ಎಂದು ಅವನು ಹಾಸಿಗೆಯನ್ನು ಕೆಳಗಿಳಿಸಿ ತಡಕಾಡಿದ. ಇಡೀ ದಿನದ ಬಿಸಿಲಿಗೆ ಅದು ಗರಿಗರಿಯಾಗಿತ್ತು. ಕಿತ್ತುಕೊಡಲು ಒದ್ದೆ ಹತ್ತಿ ಒಂದು ಎಳೆಯೂ ಉಳಿದಿರಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಮಾಲೀಕರು ಒಂದು ರಬ್ಬರ್ ಶೀಟು ಹಿಡಿದು ನಿಂತಿದ್ದರು.

"ನಮ್ಮ ಮೊಮ್ಮಗಂದು ಕಣಮ್ಮಾ, ಇಟ್ಕೋ. ಅವನಿಗೆ ಆ ಅಭ್ಯಾಸ ಬಿಟ್ಟುಹೋಯ್ತು."

ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಾಲಿನಲ್ಲಿ ಚಾಪೆ ಹಾಸಿ, ಅದರ ಮೇಲೆ ರಬ್ಬರ್ ಶೀಟನ್ನು ನೀಟಾಗಿ ಹರಡಿ, ಗಂಡನ ದಿಂಬನ್ನು ತಂದಿಟ್ಟಳು.